ಮೂರೆಳೆಯ ಹುರಿ

ಮನೆಯಲ್ಲಿ ಜೀವಶಾಸ್ತ್ರ ಓದುವ ಮಕ್ಕಳಿದ್ದರೆ ಒಂದು ಪಾಠ ಕಿವಿಗೆ ಬಿದ್ದೇ ಇರುತ್ತದೆ: ಸಸಾರಜನಕ, ಅಂದರೆ ಪ್ರೋಟೀನು, ಅಮೈನೋ ಆಮ್ಲಗಳ ಸರಪಣಿ, ಅಮೈನೋ ಆಮ್ಲಗಳು ಇಪ್ಪತ್ತು ಬಗೆ. ಬಿ.ಎಸ್‌ಸಿ. ತರಗತಿಯಲ್ಲಿ ನಾವೂ ಇದನ್ನು ಉರುಹೊಡೆದು ಪಾಸಾದವರೇ. ಈ ಸರಪಣಿ ಹೇಗೆ ಮಡಿಸಿಕೊಳ್ಳುತ್ತದೆಂಬ ಪ್ರಶ್ನೆಗೆ ಒಂದು ಮುಖ್ಯ ಉತ್ತರ ದೊರೆತದ್ದು ಮದ್ರಾಸಿನಲ್ಲಿ ಎಂಬುದು ತಿಳಿದದ್ದು ಮಾತ್ರ, ನೌಕರಿಯ ನಿಮಿತ್ತ ಈ ಊರಿಗೆ ಬಂದು ನೆಲೆಸಿದ ಮೇಲೆ.

ಜಿ. ಎನ್. ರಾಮಚಂದ್ರನ್ 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ವಿದ್ಯುತ್ ಇಂಜಿನಿಯರಿಂಗ್ ಓದಲು ಸೇರಿ, ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿ ಭೌತಶಾಸ್ತ್ರಕ್ಕೆ ಬಂದರು. 1952ರಲ್ಲಿ, ಮೂವತ್ತು ತುಂಬುವ ಮೊದಲೇ, ಮದ್ರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಅವರು ಕೈಗೆತ್ತಿಕೊಂಡದ್ದು ಕೊಲಾಜೆನ್ ಎಂಬ ಸಸಾರಜನಕವನ್ನು. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಗಟ್ಟಿತನ ಕೊಡುವುದು ಇದೇ. ಗೋಪಿನಾಥ್ ಕರ್ತಾ ಅವರೊಡನೆ ಕ್ಷ-ಕಿರಣ ಚಿತ್ರಗಳನ್ನು ಪರಿಶೀಲಿಸಿ, 1954 ಮತ್ತು 1955ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಮೂರು ಸರಪಣಿಗಳು ಹಗ್ಗದಂತೆ ಹುರಿಗೊಂಡಿವೆ. ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸೀನ್ ಇದೆ. ಹುರಿಯ ನಡುವಿನ ಇಕ್ಕಟ್ಟಿನಲ್ಲಿ ಬೇರೆ ಅಮೈನೋ ಆಮ್ಲಕ್ಕೆ ಜಾಗವಿಲ್ಲ. ಎಲ್ಲಕ್ಕಿಂತ ಚಿಕ್ಕದಾದ ಗ್ಲೈಸೀನ್ ಮಾತ್ರ ಹಿಡಿಸುತ್ತದೆ.

ಇಂಗ್ಲೆಂಡಿನಿಂದ ಆಕ್ಷೇಪಣೆ ಬಂತು. ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಮೂರೆಳೆಯನ್ನು ಒಪ್ಪಿದರು; ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರ ಒತ್ತೊತ್ತಾಗಿವೆ, ಮೂರು ಘಟಕಗಳಿಗೆ ಎರಡಲ್ಲ, ಒಂದೇ ಜಲಜನಕ ಬಂಧವಿರಬೇಕು ಎಂದರು. ಬಂಧದ ವಿಷಯದಲ್ಲಿ ಮುಂದೆ ಅವರ ಮಾತೇ ನಿಂತಿತು.

ಇಂಥ ಆಕ್ಷೇಪಣೆ ಬಂದಾಗ ಮನಸ್ಸು ಕಹಿ ಮಾಡಿಕೊಂಡು ಸುಮ್ಮನಾಗುವವರೇ ಹೆಚ್ಚು. ರಾಮಚಂದ್ರನ್ ಅದನ್ನೇ ಪ್ರಶ್ನೆಯಾಗಿ ತಿರುಗಿಸಿದರು: ಹಾಗಾದರೆ ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು? ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ, ಅದುವರೆಗೆ ತಿಳಿದಿದ್ದ ಸ್ಫಟಿಕಗಳಿಂದ ಈ ಅಂತರಗಳನ್ನು ಕಲೆಹಾಕಿದರು. ಸರಪಣಿಯ ಪ್ರತಿ ಕೊಂಡಿಯ ಬಳಿ ಮುಖ್ಯವಾಗಿ ಎರಡು ಕಡೆ ತಿರುಗಲು ಅವಕಾಶವುಂಟು. ಆ ಎರಡು ಕೋನಗಳನ್ನು ಅಡ್ಡಕ್ಕೂ ಉದ್ದಕ್ಕೂ ಇಟ್ಟು, ಪರಮಾಣುಗಳು ಎಲ್ಲಿ ಒಂದಕ್ಕೊಂದು ತಾಗುತ್ತವೆ, ಎಲ್ಲಿ ತಾಗುವುದಿಲ್ಲ ಎಂದು ಲೆಕ್ಕ ಹಾಕಿದರು. ನಕ್ಷೆಯ ಬಹುಭಾಗ ನಿಷಿದ್ಧ ಪ್ರದೇಶವಾಯಿತು. ಉಳಿದದ್ದು ಕೆಲವೇ ದ್ವೀಪಗಳು. 1963ರಲ್ಲಿ ಪ್ರಕಟವಾದ ಈ ‘ರಾಮಚಂದ್ರನ್ ನಕ್ಷೆ’ಗೆ ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಹೊಸ ಸಸಾರಜನಕಗಳ ರಚನೆಯನ್ನು ಒರೆಹಚ್ಚಿ ನೋಡುತ್ತಾರೆ.

1971ರಲ್ಲಿ ಅವರು ಬೆಂಗಳೂರಿನ ತಮ್ಮ ಹಳೆಯ ಸಂಸ್ಥೆಗೆ ಮರಳಿ, ಅಣು ಜೀವಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು. 2001ರಲ್ಲಿ ಚೆನ್ನೈಯಲ್ಲಿ ಕಣ್ಮುಚ್ಚಿದರು. ಅವರಿಗೆ ನೊಬೆಲ್ ದೊರೆಯಲಿಲ್ಲವೆಂದು ಇಂದಿಗೂ ಹಲವರು ಕೊರಗುತ್ತಾರೆ. ಇಪ್ಪತ್ತು ಹೆಸರುಗಳನ್ನು ಬಾಯಿಪಾಠ ಮಾಡುತ್ತಿರುವ ನಮ್ಮ ಮಕ್ಕಳಿಗೆ ಆ ಕೊರಗಿಗಿಂತ ಮೊದಲು ಹೇಳಬೇಕಾದ ಸಂಗತಿ ಬೇರೆಯಿದೆ: ಇಂಗ್ಲೆಂಡಿನವರು ತೋರಿಸಿದ ತಪ್ಪನ್ನು ನಮ್ಮೂರಿನ ಒಬ್ಬ ಅಧ್ಯಾಪಕರು ಎಂಟು ವರ್ಷ ಬಿಡದೆ ಯೋಚಿಸಿದರು. ಆ ಯೋಚನೆಯ ಫಲವೇ ಈ ನಕ್ಷೆ.