ಪೈಪು ನೀಲಿಯಾದರೆ ಏನರ್ಥ? ನಂದಿದುರ್ಗದ ಕುಲುಮೆಯಿಂದ ಯೆಜ್ಡಿ ಗಾಡಿಯವರೆಗೆ

ನಂದಿದುರ್ಗ ಅಂದರೆ ಹೊರಗಿನವರಿಗೆ ಚಿಕ್ಕಬಳ್ಳಾಪುರದ ಬೆಟ್ಟ ನೆನಪಾಗುತ್ತದೆ. ಕೆಜಿಎಫ್, ಬಂಗಾರಪೇಟೆ ಕಡೆಯ ನಮಗೆ ಅದು ಗಣಿಯ ಹೆಸರು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ದೊಡ್ಡ ಗಣಿಗಳಲ್ಲಿ ಅದೂ ಒಂದು. ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟ ಮೇಲೆ ಬೆಳೆದ ಈ ಊರಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು.

ಈ ಸಲ ನಾವು ಬರೆಯುತ್ತಿರುವುದು ಚಿನ್ನದ ಬಗ್ಗೆ ಅಲ್ಲ, ಲೋಹ ಕಾದಾಗ ಬರುವ ಬಣ್ಣದ ಬಗ್ಗೆ. ಆ ಬಣ್ಣ ಓದುವ ವಿದ್ಯೆ ಗಣಿಯ ಕಮ್ಮಾರಸಾಲೆಯಲ್ಲಿತ್ತು. ಇವತ್ತು ಹಳೆಯ ಯೆಜ್ಡಿ, ಜಾವಾ ಇಟ್ಟುಕೊಂಡವರಿಗೂ ಅದೇ ವಿದ್ಯೆ ಬೇಕು.

ಕುಲುಮೆಯ ಪಾಠ

ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಡ್ರಿಲ್ ಬರುವ ಮುಂಚೆ ಕಲ್ಲು ಕೊರೆಯುವ ಉಕ್ಕಿನ ಸರಳುಗಳು ಬೇಗ ಮೊಂಡಾಗುತ್ತಿದ್ದವು. ಗಣಿಯಿಂದ ಮೇಲೆ ಬಂದ ಸರಳನ್ನು ಕಮ್ಮಾರರು ಕಾಯಿಸಿ, ಬಡಿದು, ಹದ ಹಾಕಿ ಮತ್ತೆ ಕೆಳಗೆ ಕಳಿಸಬೇಕಿತ್ತು. ಹದ ನೋಡಲು ಥರ್ಮಾಮೀಟರ್ ಬೇಕಿರಲಿಲ್ಲ, ಕಣ್ಣೇ ಸಾಕಿತ್ತು.

ತಿಕ್ಕಿ ಹೊಳಪು ಮಾಡಿದ ಉಕ್ಕು ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಹಳದಿಯಾಗುತ್ತದೆ. ಆಮೇಲೆ ಕಂದು, 280ರ ಹತ್ತಿರ ನೇರಳೆ, 300ರ ಸುತ್ತ ನೀಲಿ. ಇದು ಮಸಿಯಲ್ಲ, ಬಳಿದ ಬಣ್ಣವೂ ಅಲ್ಲ. ಕಾದ ಲೋಹ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಂತೆ ಬೆಳಕು ಬೇರೆ ಬೇರೆ ಬಣ್ಣವಾಗಿ ಕಾಣುತ್ತದೆ.

ಬೈಕಿನ ಕ್ರೋಮ್ ಪೈಪಿನ ಮೇಲೂ ಆಗುವುದು ಇದೇ. ಕ್ರೋಮ್‌ಗೆ ಡಿಗ್ರಿ ಲೆಕ್ಕ ಬೇರೆಯಾದರೂ ಹಳದಿ ಮೊದಲು, ನೀಲಿ ಆಮೇಲೆ ಎಂಬ ಕ್ರಮ ಬದಲಾಗುವುದಿಲ್ಲ. ಸಿಲಿಂಡರ್ ಬಾಯಿಯ ಹತ್ತಿರ ನಾಲ್ಕು ಬೆರಳು ಹಳದಿ ಛಾಯೆ ಇದ್ದರೆ ಅದು ಸಹಜ. ಬಗ್ಗಿದ ಜಾಗವನ್ನೂ ದಾಟಿ ಕಡುನೀಲಿ ಹರಡಿದ್ದರೆ ಎಂಜಿನ್ ಏನೋ ಹೇಳುತ್ತಿದೆ ಎಂದು ತಿಳಿಯಿರಿ.

ಮೈಸೂರಿನ ಗಾಡಿ

ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಯಿತು. ಚೆಕ್ ದೇಶದ ಜಾವಾ ಕಂಪನಿಯ ಲೈಸೆನ್ಸ್ ಪಡೆದು ಕಟ್ಟಿದವರು ಇರಾನಿ ಕುಟುಂಬದವರು. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ಪೆಟ್ರೋಲ್ ಕಡಿಮೆ ಕುಡಿಯುವ ನಾಲ್ಕು ಸ್ಟ್ರೋಕಿನ 100 ಸಿಸಿ ಗಾಡಿಗಳು ಮಾರುಕಟ್ಟೆ ಹಿಡಿದವು, ಹೊಗೆಯ ಕಾನೂನೂ ಬಿಗಿಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇದಾಗಿ ಐದು ವರ್ಷಕ್ಕೆ ನಮ್ಮ ಗಣಿಯೂ ಮುಚ್ಚಿತು.

ಈ ಗಾಡಿಯ ವಿಶೇಷ ಎಂದರೆ ಸಿಲಿಂಡರ್ ಒಂದೇ, ಕಾರ್ಬೋರೇಟರ್ ಒಂದೇ, ಹೊಗೆ ಹೋಗುವ ಪೈಪು ಮಾತ್ರ ಎರಡು. ರೋಗ ಪತ್ತೆಗೆ ಇದಕ್ಕಿಂತ ಒಳ್ಳೆಯ ಅನುಕೂಲ ಇನ್ನೊಂದಿಲ್ಲ. ಎರಡೂ ಪೈಪಿಗೆ ಹೋಗುವುದು ಒಂದೇ ಮಿಶ್ರಣ. ಹಾಗಾಗಿ ಒಂದು ಪೈಪು ನೀಲಿ, ಇನ್ನೊಂದು ಬೆಳ್ಳಗೆ ಇದ್ದರೆ ಕಾರ್ಬೋರೇಟರ್ ಬಿಚ್ಚಲು ಹೋಗಬೇಡಿ. ಬೆಳ್ಳಗಿರುವ ಕಡೆಯ ಸೈಲೆನ್ಸರ್ ಒಳಗೆ ಮಸಿ ಕಟ್ಟಿರಬಹುದು. ಆಗ ಬಿಸಿ ಹೊಗೆ ಹೆಚ್ಚಾಗಿ ಇನ್ನೊಂದು ಪೈಪಿಗೇ ನುಗ್ಗುತ್ತದೆ. ಇಲ್ಲವೇ ನೀಲಿಯಾದ ಪೈಪಿನ ಬಾಯಿಯಲ್ಲಿ ವಾಷರ್ ಸವೆದು ಗಾಳಿ ಸೇರುತ್ತಿರಬಹುದು.

ಎರಡೂ ಪೈಪು ಒಂದೇ ಥರ ನೀಲಿಯಾಗಿದ್ದರೆ ಮಾತ್ರ ಮಿಶ್ರಣದ ಮೇಲೆ, ಇಗ್ನಿಷನ್ ಟೈಮಿಂಗ್ ಮೇಲೆ ಅನುಮಾನ ಪಡಬೇಕು.

ನೀಲಿಗೆ ಕಾರಣಗಳು

ಮೊದಲು ಟೈಮಿಂಗ್ ನೋಡಿ. ಪಾಯಿಂಟ್ ಸವೆದು ಗ್ಯಾಪ್ ಕಡಿಮೆಯಾದರೆ ಕಿಡಿ ತಡವಾಗಿ ಬೀಳುತ್ತದೆ. ಸಿಲಿಂಡರಿನಲ್ಲಿ ಉರಿದು ಮುಗಿಯಬೇಕಾದದ್ದು ಪೈಪಿನವರೆಗೂ ಉರಿಯುತ್ತಾ ಬರುತ್ತದೆ. ಮಿಶ್ರಣ ಸರಿ ಇದ್ದರೂ ಆಗ ಪೈಪು ನೀಲಿಯಾಗುತ್ತದೆ.

ಆಮೇಲೆ ಲೀನ್ ಮಿಶ್ರಣ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಜೆಟ್ಟಿನಲ್ಲಿ ಕಸ, ಪೆಟ್ರೋಲ್ ಕಾಕ್‌ನ ಜಾಲರಿಯಲ್ಲಿ ತುಕ್ಕು, ಟ್ಯಾಂಕ್ ಮುಚ್ಚಳದ ಗಾಳಿಕಂಡಿ ಕಟ್ಟಿರುವುದು, ಇವು ಸುಲಭದವು. ಕಾರ್ಬೋರೇಟರ್ ಮತ್ತು ಸಿಲಿಂಡರ್ ನಡುವಿನ ಪ್ಯಾಕಿಂಗ್‌ನಲ್ಲಿ ಬಿರುಕು ಇದ್ದರೂ ಗಾಳಿ ಎಳೆಯುತ್ತದೆ. ಗಾಡಿ ಐಡ್ಲಿಂಗ್‌ನಲ್ಲಿರುವಾಗ ಆ ಸಂದಿಗೆ ಗ್ರೀಸ್ ಸವರಿ. ಎಂಜಿನ್ ಸದ್ದು ಬದಲಾದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಕಷ್ಟದ್ದು ಕ್ರ್ಯಾಂಕ್ ಸೀಲ್. ಡೈನಮೋ ಕಡೆಯ ಸೀಲ್ ಹೋದರೆ ಅಲ್ಲಿಂದ ಗಾಳಿ ಒಳಗೆ ಬಂದು ಮಿಶ್ರಣ ಲೀನ್ ಆಗುತ್ತದೆ, ಐಡ್ಲಿಂಗ್ ತಾನಾಗಿ ಏರುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ದಟ್ಟ ಹೊಗೆ ಬಿಡುತ್ತದೆ.

ಕೆಜಿಎಫ್‌ನಲ್ಲಿ ಇದಕ್ಕೆ ಉಲ್ಟಾ ಕಾಯಿಲೆಯೂ ಇದೆ. ಬೇಸಿಗೆಯ ಗಾಳಿಗೆ ಸೈನೈಡ್ ದಿಬ್ಬಗಳ ಧೂಳು ಏಳುತ್ತದೆ. ಹಿಟ್ಟಿನಂಥ ಆ ಧೂಳು ಏರ್ ಫಿಲ್ಟರ್ ಮುಚ್ಚಿದರೆ ಗಾಳಿ ಕಡಿಮೆಯಾಗಿ ಮಿಶ್ರಣ ರಿಚ್ ಆಗುತ್ತದೆ. ಪ್ಲಗ್ಗಿಗೆ ಕರಿ ಮಸಿ, ಪೈಪಿನ ತುದಿಯಲ್ಲಿ ಜಿಡ್ಡು, ಮೈಲೇಜ್ ಇಳಿಮುಖ. ಫಿಲ್ಟರ್ ತೊಳೆಯುವ ಬದಲು ಕಿತ್ತೇ ಹಾಕಿ ಓಡಿಸಿದರೆ ಮಿಶ್ರಣ ಲೀನ್ ಆಗುತ್ತದೆ, ಧೂಳು ನೇರ ಪಿಸ್ಟನ್ ತಿನ್ನುತ್ತದೆ.

ಆಯಿಲ್ ಜಾಸ್ತಿ ಹಾಕಿದರೆ?

ಪೈಪು ನೀಲಿಯಾಯಿತು, ಎಂಜಿನ್ ಕಾಯುತ್ತಿದೆ, ಇನ್ನಷ್ಟು ಟೂಟಿ ಆಯಿಲ್ ಹಾಕೋಣ ಅನ್ನುವವರು ಬಹಳ. ಇಲ್ಲೇ ಮೋಸ ಇರುವುದು. ಲೀಟರಿಗೆ 40 ಮಿಲಿ ಹಾಕಿದರೆ 25ಕ್ಕೆ 1ರ ಲೆಕ್ಕ. ಅದಕ್ಕಿಂತ ಹೆಚ್ಚು ಹಾಕಿದರೆ ಜೆಟ್ಟಿನಲ್ಲಿ ಹೋಗುವ ದ್ರವದಲ್ಲಿ ಪೆಟ್ರೋಲಿನ ಪಾಲು ಅಷ್ಟು ಕಡಿಮೆಯಾಗುತ್ತದೆ. ಅಂದರೆ ಮಿಶ್ರಣ ಇನ್ನೂ ಲೀನ್. ಜೊತೆಗೆ ಸೈಲೆನ್ಸರ್‌ನಲ್ಲಿ ಮಸಿ ಬೇರೆ.

ಈಗಿನ ಪೆಟ್ರೋಲ್

ಈ ಗಾಡಿಗಳ ಜೆಟ್ಟು ಬರೀ ಪೆಟ್ರೋಲಿಗೆ ಲೆಕ್ಕ ಹಾಕಿದ್ದು. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಹೊಸ ಗಾಡಿಯ ಸೆನ್ಸರ್ ಇದನ್ನು ಸರಿ ಮಾಡಿಕೊಳ್ಳುತ್ತದೆ. ಹಳೆಯ ಕಾರ್ಬೋರೇಟರ್‌ಗೆ ಅದು ಗೊತ್ತಾಗುವುದಿಲ್ಲ. ಅದೇ ಗಾಳಿ, ಅದೇ ಜೆಟ್ಟು, ಆದರೆ ಮಿಶ್ರಣ ಲೀನ್. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನೂ ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕ್ ಖಾಲಿ ಮಾಡಿಡುವುದು ಲೇಸು.

ನಿಮ್ಮ ಮೆಕ್ಯಾನಿಕ್ ಹತ್ತಿರ ಹೋದಾಗ ಈ ಕ್ರಮದಲ್ಲಿ ನೋಡಲು ಹೇಳಿ. ಎರಡೂ ಪೈಪು ಹೋಲಿಸುವುದು, ಪಾಯಿಂಟ್ ಗ್ಯಾಪ್ ಮತ್ತು ಟೈಮಿಂಗ್, ಗಾಳಿ ಸೋರಿಕೆ, ಜೆಟ್ಟು ಶುದ್ಧ ಮಾಡುವುದು. ಕೊನೆಗೆ ಮಾತ್ರ ನೀಡಲ್ ಕ್ಲಿಪ್ ಒಂದು ಗೀಟು ಕೆಳಗೆ ಹಾಕಿ ನೀಡಲ್ ಮೇಲೇರಿಸುವುದು, ಇಲ್ಲವೇ ಒಂದು ನಂಬರ್ ದೊಡ್ಡ ಮೇನ್ ಜೆಟ್. ಪ್ರತಿ ಬದಲಾವಣೆಯ ಮೇಲೂ ಜೋರಾಗಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಬೇಕು. ಕಾಫಿ ಬಣ್ಣ ಇದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಲೀನ್, ಕರಿ ಮಸಿ ಇದ್ದರೆ ರಿಚ್. ಪೈಪಿಗೆ ಒಮ್ಮೆ ಹತ್ತಿದ ನೀಲಿ ತಾನಾಗಿ ಹೋಗುವುದಿಲ್ಲ. ಪಾಲಿಶ್ ಹಾಕಿ ಉಜ್ಜಿಟ್ಟರೆ ಮತ್ತೆ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಇದು ಬರೀ ಅಂದದ ಮಾತಲ್ಲ. ಗಣಿ ಮುಚ್ಚಿದ ಮೇಲೆ ನಮ್ಮ ಸಾವಿರಾರು ಜನ ಬೆಂಗಳೂರಿನ ರೈಲು ಹಿಡಿದೇ ಬದುಕುತ್ತಿದ್ದಾರೆ. ಹಳ್ಳಿಯಿಂದ ಬಂಗಾರಪೇಟೆ ಸ್ಟೇಷನ್ನಿಗೆ ಬೆಳಗಿನ ಜಾವ ಬರುವಾಗ ಲೀನ್ ಆದ ಟೂ ಸ್ಟ್ರೋಕ್ ಎಂಜಿನ್ ಪಿಸ್ಟನ್ ಜಾಮ್ ಮಾಡಿದರೆ ಹಿಂದಿನ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ. ರೈಲು ತಪ್ಪಿದರೆ ಒಂದು ದಿನದ ಕೂಲಿ ಹೋಗುತ್ತದೆ, ಬಿದ್ದರೆ ಅದಕ್ಕಿಂತ ಹೆಚ್ಚೇ ಹೋಗುತ್ತದೆ. ಗಾಡಿ ಕಟ್ಟಿದ ಕಾರ್ಖಾನೆ ಈಗಿಲ್ಲ, ಬಣ್ಣ ನೋಡಿ ಹದ ಹೇಳುತ್ತಿದ್ದ ಕುಲುಮೆಯೂ ಇಲ್ಲ. ಪೈಪಿನ ಬಣ್ಣ ನೋಡುವ ಕೆಲಸ ಈಗ ಓಡಿಸುವವರದ್ದೇ.