ಮಾತು ತಡವೋ, ಭಾಷೆ ಹೆಚ್ಚೋ: ಪೂರ್ವ ಬೆಂಗಳೂರಿನ ಪೋಷಕರ ಮೊದಲ ಅನುಮಾನ ಮತ್ತು ಆಟಿಸಂ ನಿದಾನ

ಮೂರು ವರ್ಷ ತುಂಬುತ್ತ ಬಂದರೂ ಮಗು ಮಾತಾಡದಿದ್ದರೆ ಶಿವಾಜಿನಗರ, ಹಲಸೂರಿನ ಕಡೆ ಸುಲಭವಾಗಿ ಸಿಗುವ ಸಮಾಧಾನ ಒಂದಿದೆ: ‘ಮನೇಲಿ ನಾಲ್ಕು ಭಾಷೆ, ಪಾಪ, ಮಗೂಗೆ ಗೊಂದಲ.’ ‘ಗಂಡುಮಕ್ಕಳು ಮಾತಾಡೋದೇ ತಡ’, ‘ಅವರಪ್ಪನೂ ಹೀಗೇ ಇದ್ದ’, ‘ಮೊಬೈಲ್ ಕೊಟ್ಟು ಕೆಡಿಸಿದ್ರಿ’ ಎಂಬ ಮಾತುಗಳು ಇದರ ಹಿಂದೆಯೇ ಬರುತ್ತವೆ. ವೈದ್ಯರು ಇವನ್ನು ಪೋಷಕರ ನಿರಾಕರಣೆ ಎಂದು ಬದಿಗಿಡುವುದುಂಟು. ಈ ಲೇಖನ ಅದನ್ನು ಒಪ್ಪುವುದಿಲ್ಲ. ಭಾಷೆಯ ಮೇಲೆ ಬೀಳುವ ಈ ಅನುಮಾನ ತಪ್ಪೇ ಇರಬಹುದು. ಆದರೂ ನಿದಾನಕ್ಕೆ ಬೇಕಾದ ಮಾಹಿತಿ ಅದರೊಳಗೇ ಇದೆ.

ಅನುಮಾನಕ್ಕೆ ಆಧಾರ ಊರಿನಲ್ಲೇ ಇದೆ. 1949ರಲ್ಲಿ ಬೆಂಗಳೂರು ನಗರದೊಂದಿಗೆ ವಿಲೀನವಾಗುವವರೆಗೆ ಶಿವಾಜಿನಗರ, ಹಲಸೂರು ಸೇರಿದ್ದ ದಂಡು (ಕಂಟೋನ್ಮೆಂಟ್) ಪ್ರದೇಶಕ್ಕೆ ಬೇರೆಯದೇ ಆಡಳಿತವಿತ್ತು. ತಮಿಳು, ದಖನಿ, ತೆಲುಗು, ಇಂಗ್ಲಿಷ್ ಅಲ್ಲಿನ ಬೀದಿಭಾಷೆಗಳಾಗಿದ್ದವು. ಕೆ.ಆರ್. ಪುರದ ಪಕ್ಕದ ದೂರವಾಣಿನಗರಕ್ಕೆ 1948ರಲ್ಲಿ ಐಟಿಐ ದೂರವಾಣಿ ಕಾರ್ಖಾನೆ ಬಂತು, ಅದರೊಂದಿಗೆ ಹೊರಗಿನ ಕೆಲಸಗಾರರೂ ಬಂದರು. ಐಟಿ ಕಂಪನಿಗಳು ಬಂದ ಮೇಲೆ ಹಿಂದಿ, ಬಂಗಾಳಿ, ಒಡಿಯಾ ಸೇರಿಕೊಂಡವು. ಇಲ್ಲಿ ಅಜ್ಜಿ ಒಂದು ಭಾಷೆಯಲ್ಲಿ, ನೋಡಿಕೊಳ್ಳುವಾಕೆ ಇನ್ನೊಂದರಲ್ಲಿ, ನರ್ಸರಿ ಮೂರನೆಯದರಲ್ಲಿ ಮಾತಾಡಿಸುವುದು ಸಾಮಾನ್ಯ ಸಂಗತಿ.

ಸಂಶೋಧಕಿ ಟಮಾರಾ ಡೇಲಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ನಾಲ್ಕು ಮಹಾನಗರಗಳ, ಆಟಿಸಂ ಇರುವ ಮಕ್ಕಳ 95 ಕುಟುಂಬಗಳಿದ್ದವು. ಅಮೆರಿಕದ ಪೋಷಕರು ಹೆಚ್ಚಾಗಿ ಮೊದಲು ಗಮನಿಸುತ್ತಿದ್ದದ್ದು ಮಾತಿನ ಕೊರತೆಯನ್ನು ಅಥವಾ ಒಟ್ಟಾರೆ ಬೆಳವಣಿಗೆಯ ವಿಳಂಬವನ್ನು. ಭಾರತದ ಪೋಷಕರ ಕಣ್ಣಿಗೆ ಮೊದಲು ಬಿದ್ದದ್ದು ಮಗು ಜನರೊಂದಿಗೆ ಬೆರೆಯದಿರುವುದು, ಅದೂ ಆರರಿಂದ ಹತ್ತು ತಿಂಗಳು ತಡವಾಗಿ. ಹಾಗಾದರೆ ಮಾತಿನ ಲಕ್ಷಣ ಎಲ್ಲಿ ಅಡಗಿತ್ತು? ಬಹುಭಾಷೆಯ ಸಮಾಧಾನ ಅದನ್ನು ಮುಚ್ಚಿರಬಹುದು ಎಂಬುದು ನನ್ನ ಊಹೆ, ಡೇಲಿಯವರ ತೀರ್ಮಾನವಲ್ಲ.

ಸಮಸ್ಯೆ ಮನೆಗಷ್ಟೇ ಸೀಮಿತವಲ್ಲ, ಪರೀಕ್ಷಾ ಕೊಠಡಿಗೂ ಬರುತ್ತದೆ. ಆಟಿಸಂ ಪ್ರಮಾಣೀಕರಣಕ್ಕೆ ಕೇಂದ್ರ ಸರ್ಕಾರ 2016ರ ಏಪ್ರಿಲ್‌ನಲ್ಲಿ ಅಧಿಸೂಚಿಸಿದ ಭಾರತೀಯ ಮಾಪಕ ‘ಐಸಾ’ದಲ್ಲಿ 40 ಅಂಶಗಳಿವೆ. ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 70 ಅಥವಾ ಅದಕ್ಕಿಂತ ಹೆಚ್ಚಾದರೆ ಆಟಿಸಂ ಎಂದು ಲೆಕ್ಕ. ಕೇಳಿದ್ದನ್ನೇ ಮರುನುಡಿಯುವುದು, ‘ನಾನು–ನೀನು’ ಅದಲುಬದಲಾಗುವುದು, ಅರ್ಥವಿಲ್ಲದ ಪದ ಬಳಸುವುದು ಆ ಅಂಶಗಳಲ್ಲಿ ಸೇರಿವೆ. ಬಾಯಾರಿದ ಮಗು ಅಮ್ಮನ ಪ್ರಶ್ನೆಯನ್ನೇ ಹಿಡಿದು ‘ನೀರು ಬೇಕಾ’ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಕನ್ನಡದಲ್ಲಿ ಸರ್ವನಾಮ ಬಿಟ್ಟೇ ಮಾತಾಡುವುದರಿಂದ ಅದಲುಬದಲು ಮರೆಯಾಗುತ್ತದೆ, ಕೊನೆಯ ‘ಆ’ಕಾರವೊಂದೇ ಸುಳಿವು. ತಮಿಳಿನ ‘ತಣ್ಣಿ ವೇಣುಮಾ’ದಲ್ಲೂ ಹಾಗೆಯೇ. ದಖನಿಯ ‘ಪಾನಿ ಹೋನಾ’ದಲ್ಲಿ ಆ ಸುಳಿವೂ ಇಲ್ಲ, ಪ್ರಶ್ನೆಗೂ ಬೇಡಿಕೆಗೂ ಅದೇ ರೂಪ, ರಾಗ ಮಾತ್ರ ಬೇರೆ. ದಖನಿ ತಿಳಿಯದ ಪರೀಕ್ಷಕರಿಗೆ ಈ ಮರುನುಡಿ ಸರಿಯಾದ ಬೇಡಿಕೆಯಾಗಿ ಕೇಳಿಸೀತು, ಇಲ್ಲವೇ ಅರ್ಥವಿಲ್ಲದ ಪದವೆಂದು ಅಂಕ ಬಿದ್ದೀತು. ಎರಡೂ ತಪ್ಪು. ಇದನ್ನು ಸರಿಪಡಿಸಬಲ್ಲವರು ಅಮ್ಮ ಅಥವಾ ಅಜ್ಜಿ.

ಆದರೆ ಅಜ್ಜಿಯ ಭಾಷೆಯನ್ನೇ ಮೊದಲು ನಿಲ್ಲಿಸಲಾಗುತ್ತದೆ. ‘ಒಂದೇ ಭಾಷೆ ಇಟ್ಟುಕೊಳ್ಳಿ’ ಎಂಬ ಸಲಹೆ ಸಿಕ್ಕಾಗ ಉಳಿಯುವುದು ಬಹುಪಾಲು ಶಾಲೆಯ ಇಂಗ್ಲಿಷ್. ಕೆನಡಾದಲ್ಲಿ ಹ್ಯಾಂಬ್ಲಿ ಮತ್ತು ಫೊಂಬೊನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ, ದ್ವಿಭಾಷಾ ಪರಿಸರದಲ್ಲಿ ಬೆಳೆದ ಆಟಿಸಂ ಮಕ್ಕಳಿಗೆ ಅದರಿಂದ ಹೆಚ್ಚಿನ ಭಾಷಾ ವಿಳಂಬವಾಗಲಿಲ್ಲ ಎಂದು ಕಂಡುಕೊಂಡಿತು. ಹೊರಗೆ ಬೆರೆಯಲು ಕಷ್ಟಪಡುವ ಮಗುವಿಗೆ ಮನೆಯಲ್ಲಿ ಸಿಗುವ ಮಾತನ್ನೂ ಕಡಿಮೆ ಮಾಡುವುದು ನನ್ನ ದೃಷ್ಟಿಯಲ್ಲಿ ಚಿಕಿತ್ಸೆಯಲ್ಲ.

ಗಮನ ಕೊರತೆ, ಅತಿಚಟುವಟಿಕೆಯ ಎಡಿಎಚ್‌ಡಿಯಲ್ಲೂ ಮನೆಯವರ ಮಾತು ಮುಖ್ಯ, ಆದರೆ ಅದರ ದಾರಿ ಬೇರೆ. ಅಲ್ಲಿ ದೂರು ಹೆಚ್ಚಾಗಿ ಶಾಲೆಯಿಂದ ಬರುತ್ತದೆ. ಮನೆಯವರಿಗೆ ಚೂಟಿಯಾದವನು ಟೀಚರಿಗೆ ‘ಒಂದ್ಕಡೆ ಕೂರಲ್ಲ’. ಲಕ್ಷಣಗಳು ಎರಡಾದರೂ ಸನ್ನಿವೇಶಗಳಲ್ಲಿ ಕಾಣಬೇಕೆಂಬುದು ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರ ನಿಯಮವಾದ್ದರಿಂದ ಮನೆ–ಶಾಲೆಗಳ ಈ ಜಗಳವೇ ಪುರಾವೆ. 2013ರ ಆ ಆವೃತ್ತಿಯವರೆಗೆ ಒಂದೇ ಮಗುವಿಗೆ ಆಟಿಸಂ, ಎಡಿಎಚ್‌ಡಿ ಎರಡನ್ನೂ ಹೇಳುವಂತಿರಲಿಲ್ಲ; ಈಗ ಹೇಳಬಹುದು. ನಮ್ಮ ಕಾನೂನು ಮಾತ್ರ ಎರಡನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಎಡಿಎಚ್‌ಡಿ ಮಾತ್ರ ಇರುವ ಮಗುವಿಗೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಸಿಗುವುದಿಲ್ಲ. ಹೀಗಿರುವಾಗ ಪೋಷಕರು ‘ಆ ಹೆಸರು ಬರೆದರೆ ಏನು ಸಿಗುತ್ತೆ?’ ಎಂದು ಕೇಳಿದರೆ ಅದು ಸ್ವಾರ್ಥವಲ್ಲ, ಲೋಕಜ್ಞಾನ.

1982ರಲ್ಲಿ ಆರಂಭವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂದಿರಾನಗರದಲ್ಲಿದೆ. ವಾಕ್‌ತಜ್ಞೆ ಪ್ರತಿಭಾ ಕಾರಂತರು ಇಂಥ ಮಕ್ಕಳಿಗಾಗಿ ಕಟ್ಟಿದ ಕಾಮ್ ಡೀಲ್ ಸಂಸ್ಥೆ ಕಲ್ಯಾಣನಗರದಲ್ಲಿದೆ. ಅಂದರೆ ಈ ಭಾಗದಲ್ಲಿ ಪರಿಣತಿಗೆ ಬರವಿಲ್ಲ. ತಪಾಸಣೆ ಮಾಡುವವರಲ್ಲಿ ಕೋರಿಕೆ ಇಷ್ಟು: 40 ಅಂಶಗಳಿಗೆ ಅಂಕ ಹಾಕುವ ಮೊದಲು, ಮನೆಯಲ್ಲಿ ಯಾರು ಯಾವ ಭಾಷೆಯಲ್ಲಿ ಮಗುವನ್ನು ಮಾತಾಡಿಸುತ್ತಾರೆಂದು ಬರೆದುಕೊಳ್ಳಿ, ಮಗುವಿನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತರಲು ಹೇಳಿ, ಅದನ್ನು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.