ಕೆಲಸ ಬಿಡದೆ ಎಂಜಿನಿಯರಿಂಗ್ ಪದವಿ: ಸೇರುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಡಿಪ್ಲೊಮಾ ಮುಗಿಸಿ ಪುಣೆ, ಚೆನ್ನೈ, ಹೈದರಾಬಾದ್‌ನ ಕಾರ್ಖಾನೆಗಳಲ್ಲಿ ದುಡಿಯುವ ಅನೇಕರಿಗೆ ಒಂದೇ ಕೊರಗು. ಕೆಲಸವೆಲ್ಲ ಗೊತ್ತಿದ್ದರೂ ಬಿಇ ಇಲ್ಲವೆಂದು ಬಡ್ತಿ ತಪ್ಪುತ್ತದೆ. ಊರಿಗೆ ಹಣ ಕಳಿಸಬೇಕಾದವರು ಕೆಲಸ ಬಿಟ್ಟು ಓದುವಂತೆಯೂ ಇಲ್ಲ. ಹಾಗಾದರೆ ದಾರಿ ಯಾವುದು?

ಅಂಚೆ ಶಿಕ್ಷಣದ ಬಿಇ ಬೇಡ

ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿಗೆ ಅನುಮತಿಯಿಲ್ಲ. ಎಐಸಿಟಿಇ ಒಪ್ಪಿಗೆ ಇಲ್ಲದೆ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಹೀಗೆ ಕೊಟ್ಟಿದ್ದ ಪದವಿಗಳ ವಿರುದ್ಧ ಸುಪ್ರೀಂ ಕೋರ್ಟ್ 2017ರ ನವೆಂಬರ್ 3ರಂದು ತೀರ್ಪು ನೀಡಿತು. 2001ರಿಂದ 2005ರವರೆಗೆ ಸೇರಿದವರಿಗೆ ಪರೀಕ್ಷೆ ಬರೆದು ಪದವಿ ಉಳಿಸಿಕೊಳ್ಳುವ ಅವಕಾಶ ಸಿಕ್ಕಿತು. ನಂತರ ಸೇರಿದವರ ಪದವಿಗಳು ರದ್ದಾದವು. ಹಣವೂ ಹೋಯಿತು, ವರ್ಷಗಳೂ ಹೋದವು.

ಹಿಂದೆ ನೌಕರರ ನೆಚ್ಚಿನ ಆಯ್ಕೆಯಾಗಿದ್ದ ಎಎಂಐಇ ವಿಷಯದಲ್ಲೂ ಎಚ್ಚರ ಬೇಕು. 2013ರ ಮೇ 31ರವರೆಗೆ ನೋಂದಾಯಿಸಿದವರಿಗಷ್ಟೇ ಅದು ಬಿಇಗೆ ಸಮಾನ.

ಮಾನ್ಯತೆ ಇರುವ ದಾರಿಗಳು

* ಎಐಸಿಟಿಇ ಯೋಜನೆ: ಉದ್ಯೋಗಸ್ಥರಿಗಾಗಿ ಸಂಜೆ ಅಥವಾ ಅನುಕೂಲದ ವೇಳೆಯಲ್ಲಿ ತರಗತಿ ನಡೆಸಲು ಕಾಲೇಜುಗಳಿಗೆ 2023-24ರಿಂದ ಅವಕಾಶವಿದೆ. ಡಿಪ್ಲೊಮಾದವರು ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು. ಕೆಲಸದ ಅನುಭವದ ಪತ್ರ ಬೇಕು.
* ಸಂಜೆ ಹಾಗೂ ಅರೆಕಾಲಿಕ ಕೋರ್ಸ್: ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಅರೆಕಾಲಿಕ ಬಿಇ, ದಿಲ್ಲಿ ತಾಂತ್ರಿಕ ವಿಶ್ವವಿದ್ಯಾಲಯದ ಸಂಜೆ ಬಿಟೆಕ್ ಹೆಸರಾದವು. ಈ ವರ್ಷ ಪ್ರವೇಶ ಇದೆಯೇ ಎಂದು ವಿಚಾರಿಸಿ.
* ಬಿಟ್ಸ್ ಪಿಲಾನಿ: ಉದ್ಯೋಗಸ್ಥರಿಗೆಂದೇ ಪದವಿ ಕಾರ್ಯಕ್ರಮಗಳಿವೆ.

ಐಐಟಿ ಮದ್ರಾಸ್‌ನ ಆನ್‌ಲೈನ್ ಪದವಿ ಒಳ್ಳೆಯದೇ. ಆದರೆ ಅದು ಬಿಎಸ್, ಬಿಟೆಕ್ ಅಲ್ಲ. ಬಿಇ ಅಥವಾ ಬಿಟೆಕ್ ಎಂದೇ ಕೇಳುವ ಹುದ್ದೆ ನಿಮ್ಮ ಗುರಿಯಾದರೆ ಈ ವ್ಯತ್ಯಾಸ ಮುಖ್ಯ.

ವಾರದ ಲೆಕ್ಕ ಹಾಕಿ

ವಾರಕ್ಕೆ 168 ಗಂಟೆ. ಕೆಲಸಕ್ಕೆ 48, ಓಡಾಟಕ್ಕೆ 12, ನಿದ್ದೆಗೆ 49 ತೆಗೆದರೆ ಉಳಿಯುವುದು 59. ತರಗತಿ, ಪ್ರಯೋಗಾಲಯಕ್ಕೆ 20, ಓದಿಗೆ 10 ಕೊಟ್ಟರೆ ಅಡುಗೆ, ಮನೆ, ಮಕ್ಕಳಿಗೆ ದಿನಕ್ಕೆ ಸುಮಾರು ನಾಲ್ಕು ಗಂಟೆ. ಸಾಧ್ಯ, ಆದರೆ ಮನೆಯವರು ಒಪ್ಪಿ ಕೈಜೋಡಿಸಬೇಕು.

ದೊಡ್ಡ ತೊಡಕು ಶಿಫ್ಟ್‌ನದು. ಎರಡನೇ ಪಾಳಿ ಬಿದ್ದ ವಾರ ಸಂಜೆ ತರಗತಿ ತಪ್ಪುತ್ತದೆ, ಹಾಜರಾತಿ ಕುಸಿಯುತ್ತದೆ. ಹಾಗಾಗಿ ಶುಲ್ಕ ಕಟ್ಟುವ ಮೊದಲೇ ಮೊದಲ ಪಾಳಿ ಮತ್ತು ಪರೀಕ್ಷೆಯ ರಜೆಯ ಬಗ್ಗೆ ಎಚ್‌ಆರ್‌ನಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಮೇಲಧಿಕಾರಿ ಬದಲಾದರೆ ಬಾಯಿಮಾತು ನಿಲ್ಲುವುದಿಲ್ಲ.

ಎರಡನೇ ವರ್ಷಕ್ಕೆ ಸೇರುವವರಿಗೆ ಗಣಿತವೇ ಕಬ್ಬಿಣದ ಕಡಲೆ. ಪ್ರವೇಶಕ್ಕೆ ಮೂರು ತಿಂಗಳು ಮುಂಚೆಯೇ ಕಲನಶಾಸ್ತ್ರ ತಿರುವಿಹಾಕಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಿಮ್ಮ ಕಾರ್ಖಾನೆಯ ಸಮಸ್ಯೆಯನ್ನೇ ಆರಿಸಿಕೊಂಡರೆ ಸಮಯವೂ ಉಳಿಯುತ್ತದೆ, ಸಂಸ್ಥೆಯ ಕಣ್ಣಿಗೂ ಬೀಳುತ್ತೀರಿ.

ಸೇರುವ ಮುನ್ನ ಇವನ್ನು ನೋಡಿ

* ಕಾಲೇಜಿಗೆ ಮಾತ್ರವಲ್ಲ, ನೀವು ಸೇರುವ ಕೋರ್ಸ್‌ಗೂ ಈ ವರ್ಷದ ಎಐಸಿಟಿಇ ಒಪ್ಪಿಗೆ ಇದೆಯೇ?
* ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು?
* ಬಡ್ತಿಗೆ ಈ ಪದವಿಯನ್ನು ನಿಮ್ಮ ಸಂಸ್ಥೆ ಪರಿಗಣಿಸುತ್ತದೆಯೇ?

ಈ ಮೂರಕ್ಕೂ ಕಾಗದದ ಮೇಲೆ ಉತ್ತರ ಸಿಕ್ಕರೆ ಮಾತ್ರ ಶುಲ್ಕ ಕಟ್ಟಿ. ‘ಒಪ್ಪಿಗೆ ಬರುತ್ತದೆ, ಈಗ ಸೇರಿಬಿಡಿ’ ಎನ್ನುವ ಏಜೆಂಟರ ಮಾತಿಗೆ ಮರುಳಾಗಬೇಡಿ.